ಅಗ್ಗದ .22 ರೈಫಲ್‌ನ ನಿಖರತೆ: ಸುಧಾರಣೆ ಎಲ್ಲಿಂದ ತೊಡಗಬೇಕು?

1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ಹೊರತಂದ .22 ಲಾಂಗ್ ರೈಫಲ್ ತೋಟಾ ಇಂದಿಗೂ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಿಂದ ಹಿಡಿದು ಎನ್‌ಸಿಸಿ ಕೆಡೆಟ್‌ಗಳ ಮೊದಲ ಗುರಿ ಅಭ್ಯಾಸದವರೆಗೆ ಬಳಕೆಯಲ್ಲಿದೆ. ಇದು ರಿಮ್‌ಫೈರ್ ಜಾತಿಯ ತೋಟಾ. ಎಂದರೆ ಮದ್ದನ್ನು ಹೊತ್ತಿಸುವ ಸ್ಫೋಟಕ ಲೇಪವು ತಳದ ನಡುವಿನ ಪ್ರತ್ಯೇಕ ಕೇಪಿನಲ್ಲಿರದೆ, ತಳದ ಸುತ್ತ ಹೊರಚಾಚಿದ ಟೊಳ್ಳು ಅಂಚಿನೊಳಗೆ ಹರಡಿಕೊಂಡಿರುತ್ತದೆ ಮತ್ತು ಫೈರಿಂಗ್ ಪಿನ್ ಆ ಅಂಚಿನ ಒಂದು ಜಾಗವನ್ನು ಜಜ್ಜಿದಾಗ ಅಲ್ಲಿ ಹುಟ್ಟಿದ ಕಿಡಿ ಮದ್ದಿಗೆ ತಗಲುತ್ತದೆ. ಈ ತೋಟಾಕ್ಕಾಗಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಾದ ಅಗ್ಗದ ರೈಫಲ್‌ಗಳಲ್ಲಿ 1960ರ ಮಾರ್ಲಿನ್ 60, 1964ರ ರೂಗರ್ 10/22, ಸ್ಯಾವೇಜ್ ಮಾರ್ಕ್ 2 ಮುಂತಾದವು ಅಮೆರಿಕದಲ್ಲಿ ಮನೆಮಾತಾಗಿವೆ. ಜರ್ಮನಿಯ ಆನ್‌ಶುಟ್ಸ್ ಅಥವಾ ವಾಲ್ಟರ್ ಕಂಪನಿಯ ಸ್ಪರ್ಧಾ ರೈಫಲ್‌ನ ಬೆಲೆಯ ಹತ್ತನೆಯ ಒಂದು ಭಾಗಕ್ಕೂ ಸಿಗುವ ಇಂಥ ಬಂದೂಕಿನಿಂದ ಎಷ್ಟು ನಿಖರತೆಯನ್ನು ಪಡೆಯಬಹುದು, ಅದಕ್ಕೆ ಏನು ಮಾಡಬೇಕು, ಯಾವುದಕ್ಕೆ ಹಣ ಸುರಿದರೆ ವ್ಯರ್ಥ ಎಂಬ ಪ್ರಶ್ನೆಗಳು ಈ ರೈಫಲ್‌ಗಳಷ್ಟೇ ಹಳೆಯವು.

ಈ ಚರ್ಚೆ ಬಹುತೇಕ ಬಿಡಿಭಾಗಗಳಿಂದಲೇ ಶುರುವಾಗುತ್ತದೆ. ದಪ್ಪ ನಳಿಗೆ, ಹೊಸ ಟ್ರಿಗರ್, ಬೇರೆ ಸ್ಟಾಕ್ ಮುಂತಾದುವು ಅಂಗಡಿಯಲ್ಲಿ ಸಿಗುತ್ತವೆ, ಆದ್ದರಿಂದ ಜನ ಅವುಗಳ ಬಗ್ಗೆಯೇ ಮಾತಾಡುತ್ತಾರೆ. ಆದರೆ .22 ರೈಫಲ್‌ನಲ್ಲಿ ಗುಂಡು ಚದುರಲು ಕಾರಣವಾಗುವ ಸಂಗತಿಗಳನ್ನು ಅವುಗಳ ತೂಕದ ಪ್ರಕಾರ ಜೋಡಿಸಿದರೆ ಮೊದಲು ತೋಟಾ, ಆಮೇಲೆ ಬಂದೂಕಿನ ಬಿಗಿತ ಮತ್ತು ಶುಚಿತ್ವ, ಆಮೇಲೆ ಟ್ರಿಗರ್ ಬರುತ್ತವೆ. ನಳಿಗೆಯ ಬದಲಾವಣೆಗೆ ಕೊನೆಯ ಸ್ಥಾನ. ವೆಚ್ಚದ ದೃಷ್ಟಿಯಿಂದಲೂ ಇದೇ ಕ್ರಮ ಸರಿ ಎಂಬುದು ಈ ಲೇಖನದ ನಿಲುವು.

ಅದಕ್ಕೂ ಮೊದಲು ಅಳತೆಯ ಪ್ರಶ್ನೆ ಇತ್ಯರ್ಥವಾಗಬೇಕು, ಏಕೆಂದರೆ ತಪ್ಪು ಅಳತೆಯ ಮೇಲೆ ನಿಂತ ಸುಧಾರಣೆಯನ್ನು ಸುಧಾರಣೆ ಎನ್ನಲಾಗದು. ಒಂದೇ ಬಿಂದುವಿಗೆ ಗುರಿಯಿಟ್ಟು ಹಾರಿಸಿದ ಗುಂಡುಗಳು ಕಾಗದದ ಮೇಲೆ ಮಾಡಿದ ತೂತುಗಳ ಗುಚ್ಛವನ್ನು ಗ್ರೂಪ್ ಎನ್ನುತ್ತಾರೆ. ಅದರ ಗಾತ್ರವನ್ನು ಸಾಮಾನ್ಯವಾಗಿ ಅತಿ ದೂರದ ಎರಡು ತೂತುಗಳ ನಡುಬಿಂದುಗಳ ಅಂತರದಿಂದ ಅಳೆಯುತ್ತಾರೆ. ಈ ಕ್ರಮ ಸುಲಭವಾದರೂ ಗುಂಡುಗಳು ಎಷ್ಟಿದ್ದರೂ ಅಂಚಿನ ಎರಡನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ, ಹಾಗಾಗಿ ಆಕಸ್ಮಿಕಕ್ಕೆ ಬೇಗ ತುತ್ತಾಗುತ್ತದೆ. ಸಂಖ್ಯಾಶಾಸ್ತ್ರದ ಪ್ರಕಾರ ಏನೊಂದೂ ಬದಲಾಗದ ಬಂದೂಕಿನಿಂದ ಸಾಲಾಗಿ ಹಾರಿಸಿದ ಐದು ಗುಂಡಿನ ಗ್ರೂಪ್‌ಗಳ ಗಾತ್ರ ತಮ್ಮ ಸರಾಸರಿಯಿಂದ ಕಾಲು ಭಾಗದಷ್ಟು ಅತ್ತಿತ್ತ ಸರಿಯುವುದು ತೀರ ಸಹಜ. ಸರಾಸರಿ 20 ಮಿ.ಮೀ. ಗ್ರೂಪ್ ಕೊಡುವ ರೈಫಲ್ ಒಮ್ಮೆ 15, ಮತ್ತೊಮ್ಮೆ 25 ಕೊಟ್ಟರೆ ಅದರಲ್ಲಿ ಆಶ್ಚರ್ಯವಿಲ್ಲ. ಹೊಸ ಬಿಡಿಭಾಗ ಹಾಕಿದ ದಿನ 15 ಬಂದರೆ ಅದನ್ನು ಬಿಡಿಭಾಗದ ಖಾತೆಗೆ ಬರೆಯುವುದು, 25 ಬಂದರೆ ಗಾಳಿಯನ್ನು ದೂರುವುದು ಮನುಷ್ಯಸ್ವಭಾವ. ಹತ್ತು ಗುಂಡಿನ ಗ್ರೂಪ್ ಐದು ಗುಂಡಿನದಕ್ಕಿಂತ ಸರಾಸರಿಯಲ್ಲಿ ಕಾಲು ಭಾಗದಷ್ಟು ದೊಡ್ಡದಾಗಿ ಕಾಣುವುದರಿಂದ ಒಂದನ್ನು ಇನ್ನೊಂದರೊಡನೆ ಹೋಲಿಸುವುದೂ ತಪ್ಪು. ಕನಿಷ್ಠ ಹತ್ತು ಗುಂಡಿನ ಹಲವು ಗ್ರೂಪ್‌ಗಳನ್ನು ಒಂದೇ ದಿನ, ಒಂದೇ ಆಸರೆಯ ಮೇಲೆ ಹಾರಿಸಿ, ಎಲ್ಲ ತೂತುಗಳೂ ಗ್ರೂಪ್‌ನ ಕೇಂದ್ರದಿಂದ ಎಷ್ಟು ದೂರ ಇವೆಯೆಂದು ಅಳೆದು ಸರಾಸರಿ ತೆಗೆಯುವ ಕ್ರಮವೇ ಹೆಚ್ಚು ನಂಬಲರ್ಹ.

ಎಷ್ಟು ನಿಖರತೆ ಸಾಕು ಎಂಬುದಕ್ಕೂ ಒಂದು ಮಾನದಂಡ ಬೇಕು. ಅಂತಾರಾಷ್ಟ್ರೀಯ ನಿಯಮದ 50 ಮೀಟರ್ ರೈಫಲ್ ಗುರಿಕಾಗದದಲ್ಲಿ ಹತ್ತು ಅಂಕದ ವಲಯದ ವ್ಯಾಸ 10.4 ಮಿ.ಮೀ.; 5.6 ಮಿ.ಮೀ. ದಪ್ಪದ ಗುಂಡಿನ ಅಂಚು ವಲಯದ ಗೆರೆ ಮುಟ್ಟಿದರೂ ಅಂಕ ಸಿಗುವುದರಿಂದ, ಗುಂಡುಗಳ ನಡುಬಿಂದುಗಳು 16 ಮಿ.ಮೀ. ವ್ಯಾಸದ ವೃತ್ತದೊಳಗೆ ಬಿದ್ದರೆ ಎಲ್ಲವೂ ಹತ್ತೇ ಆಗುತ್ತವೆ. ಕೋನದ ಲೆಕ್ಕದಲ್ಲಿ ಇದು ಸುಮಾರು 1.1 ಮಿನಿಟ್, ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಆರೋಗ್ಯವಾಗಿರುವ ಅಗ್ಗದ ಬೋಲ್ಟ್ ರೈಫಲ್, ಎಂದರೆ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟಾ ತುಂಬುವ ರೈಫಲ್, ಅದಕ್ಕೆ ಒಗ್ಗುವ ತೋಟಾ ಸಿಕ್ಕಾಗ, ಈ ಅಳತೆಯ ಸಮೀಪಕ್ಕೆ ಬರಬಲ್ಲದು. ಅದೇ ರೈಫಲ್ ಒಗ್ಗದ ತೋಟಾದಿಂದ ಇದರ ಎರಡು ಮೂರು ಪಟ್ಟು ಚದುರಿಸಬಲ್ಲದು. ಬೇರೆ ಯಾವ ಬದಲಾವಣೆಯಿಂದಲೂ ಇಷ್ಟು ದೊಡ್ಡ ವ್ಯತ್ಯಾಸ ಕಾಣಸಿಗದು.

ತೋಟಾಕ್ಕೆ ಇಷ್ಟು ಮಹತ್ವ ಬಂದ ಕಾರಣ ರಿಮ್‌ಫೈರ್‌ನ ರಚನೆಯಲ್ಲೇ ಇದೆ. ಕೇಪು ತಳದ ನಡುವಿರುವ ಸೆಂಟರ್‌ಫೈರ್ ರೈಫಲ್‌ನವರು ಖಾಲಿ ಕೋಶಕ್ಕೆ ಹೊಸ ಕೇಪು ಕೂರಿಸಿ, ಮದ್ದನ್ನು ತೂಗಿ ಹಾಕಿ, ತಮ್ಮ ನಳಿಗೆಗೆ ಹೊಂದುವಂತೆ ತೋಟಾ ಕಟ್ಟಿಕೊಳ್ಳಬಲ್ಲರು. ರಿಮ್‌ಫೈರ್‌ನಲ್ಲಿ ಒಮ್ಮೆ ಜಜ್ಜಿದ ಅಂಚು ಮತ್ತೆ ಬಳಕೆಗೆ ಬಾರದು, ಹೀಗಾಗಿ ಶೂಟರ್‌ನ ಕೈಯಲ್ಲಿ ಉಳಿಯುವುದು ಆಯ್ಕೆ ಮಾತ್ರ. ಕಾರ್ಖಾನೆಯಲ್ಲಿ ಒದ್ದೆ ಸ್ಫೋಟಕ ಲೇಪವನ್ನು ಕೋಶದೊಳಗೆ ಹಾಕಿ, ಕೋಶವನ್ನು ವೇಗವಾಗಿ ತಿರುಗಿಸಿ ಲೇಪ ಅಂಚಿನೊಳಕ್ಕೆ ಹೋಗಿ ಕೂರುವಂತೆ ಮಾಡುತ್ತಾರೆ. ಅಂಚಿನ ಸುತ್ತಲೂ ಅದು ಒಂದೇ ಸಮ ಹರಡದಿದ್ದರೆ, ಪಿನ್ ಬೀಳುವ ಜಾಗಕ್ಕೆ ತಕ್ಕಂತೆ ಮದ್ದು ಹೊತ್ತಿಕೊಳ್ಳುವ ಬಗೆಯೂ ಗುಂಡಿನ ವೇಗವೂ ತೋಟಾದಿಂದ ತೋಟಾಕ್ಕೆ ಬದಲಾಗುತ್ತವೆ.

ಈ ವೇಗದ ಏರುಪೇರು ಕಾಗದದ ಮೇಲೆ ಎಷ್ಟಾಗಿ ಕಾಣುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಸ್ಟ್ಯಾಂಡರ್ಡ್ ವೇಗದ .22 ಗುಂಡು ನಳಿಗೆಯ ಮೂತಿಯನ್ನು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಬಿಡುತ್ತದೆ ಮತ್ತು 50 ಮೀಟರ್ ಕ್ರಮಿಸಲು ಸುಮಾರು 0.16 ಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಅವಧಿಯಲ್ಲಿ ಗುರುತ್ವದಿಂದ ಸುಮಾರು 12 ಸೆಂ.ಮೀ. ಕೆಳಗಿಳಿಯುತ್ತದೆ. ಎರಡು ತೋಟಾಗಳ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ಅಂತರವಿದ್ದರೆ ಅವುಗಳ ಇಳಿತದಲ್ಲಿ ಏಳೆಂಟು ಮಿ.ಮೀ. ಅಂತರ ಬರುತ್ತದೆ, ಎಂದರೆ ಮೇಲೆ ಹೇಳಿದ 16 ಮಿ.ಮೀ. ವೃತ್ತದ ಅರ್ಧದಷ್ಟನ್ನು ತೋಟಾವೊಂದೇ ತಿಂದುಹಾಕುತ್ತದೆ. 100 ಮೀಟರ್‌ನಲ್ಲಿ ಇದೇ ದೋಷ ಮೂರು ಸೆಂ.ಮೀ. ದಾಟುತ್ತದೆ. ಸಾವಿರಾರು ರೂಪಾಯಿಯ ನಳಿಗೆಯಿಂದಲೂ ಈ ದೋಷವನ್ನು ನೀಗಿಸಲಾಗದು.

ಹೈ ವೆಲಾಸಿಟಿ ಎಂದು ಮಾರುವ, ಸೆಕೆಂಡಿಗೆ ಸುಮಾರು 375 ಮೀಟರ್ ವೇಗದ ತೋಟಾಗಳು ಬೇಟೆಗೆ ಉಪಯುಕ್ತವಾದರೂ ಗುರಿಗೆ ಹೇಳಿ ಮಾಡಿಸಿದವಲ್ಲ. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್. ಆ ವೇಗದ ಆಸುಪಾಸಿನಲ್ಲಿ ಗಾಳಿಯ ಪ್ರತಿರೋಧ ಥಟ್ಟನೆ ಏರುವುದರಿಂದ ಹೈ ವೆಲಾಸಿಟಿ ಗುಂಡು ಬೇಗ ವೇಗ ಕಳೆದುಕೊಳ್ಳುತ್ತದೆ ಮತ್ತು ಅಡ್ಡಗಾಳಿಗೆ ಸ್ಟ್ಯಾಂಡರ್ಡ್ ಗುಂಡಿಗಿಂತ ಹೆಚ್ಚು ಸರಿಯುತ್ತದೆ. ವೇಗ ಹೆಚ್ಚಿದ್ದಷ್ಟೂ ಗಾಳಿಯ ಕಾಟ ಕಡಿಮೆ ಎಂಬ ಸಾಮಾನ್ಯ ಊಹೆ .22ರ ಮಟ್ಟಿಗೆ ತಲೆಕೆಳಗಾಗುತ್ತದೆ, ಏಕೆಂದರೆ ಗಾಳಿಯಿಂದಾಗುವ ಸರಿತವನ್ನು ನಿರ್ಧರಿಸುವುದು ಗುಂಡಿನ ಆರಂಭದ ವೇಗವಲ್ಲ, ದಾರಿಯಲ್ಲಿ ಅದು ಎಷ್ಟು ತಡವಾಯಿತು ಎಂಬುದು.

ಆಯ್ಕೆ ಎಂದರೆ ಬ್ರ್ಯಾಂಡಿನ ಆಯ್ಕೆಯಷ್ಟೇ ಅಲ್ಲ. ಒಂದೇ ಬ್ರ್ಯಾಂಡಿನ, ಒಂದೇ ದರ್ಜೆಯ ತೋಟಾಗಳೂ ತಯಾರಾದ ಕಂತಿನಿಂದ ಕಂತಿಗೆ ಬದಲಾಗುತ್ತವೆ. ಕಂತಿನ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕಿರುತ್ತಾರೆ, ಶೂಟರ್‌ಗಳು ಅದನ್ನು ಲಾಟ್ ನಂಬರ್ ಎನ್ನುತ್ತಾರೆ. ಇಂಗ್ಲೆಂಡಿನ ಈಲಿ ಮತ್ತು ಫಿನ್ಲೆಂಡ್ ಮೂಲದ ಲಾಪುವಾ ಕಂಪನಿಗಳು ಪರೀಕ್ಷಾ ಕೇಂದ್ರಗಳನ್ನೇ ನಡೆಸುತ್ತವೆ. ಅಲ್ಲಿ ಸ್ಪರ್ಧಿಯ ರೈಫಲ್ಲನ್ನು ಅಲುಗದ ಚೌಕಟ್ಟಿಗೆ ಬಿಗಿದು, ಬೇರೆ ಬೇರೆ ಲಾಟುಗಳ ತೋಟಾ ಹಾರಿಸಿ, ಆ ನಳಿಗೆಗೆ ಒಗ್ಗಿದ ಲಾಟನ್ನು ಸ್ಪರ್ಧಿ ಒಟ್ಟಿಗೆ ಕೊಳ್ಳುತ್ತಾನೆ. ಒಲಿಂಪಿಕ್ಸ್ ಮಟ್ಟದ ರೈಫಲ್‌ಗೇ ಇಷ್ಟು ಹುಡುಕಾಟ ಬೇಕಿರುವಾಗ, ನಳಿಗೆಯ ಒಳವ್ಯಾಸ ಒಂದರಿಂದ ಒಂದಕ್ಕೆ ತುಸು ಬದಲಾಗುವ ಅಗ್ಗದ ರೈಫಲ್‌ಗೆ ಅದು ಇನ್ನೂ ಅಗತ್ಯ. ಆರೇಳು ಬಗೆಯ ತೋಟಾಗಳನ್ನು, ದುಬಾರಿಯದನ್ನಷ್ಟೇ ಅಲ್ಲದೆ ಸಿಸಿಐ ಸ್ಟ್ಯಾಂಡರ್ಡ್‌ನಂಥ ಸಾಧಾರಣ ಬೆಲೆಯದನ್ನೂ ಸೇರಿಸಿ, ಪರೀಕ್ಷಿಸುವುದು ಸೂಕ್ತ. ನಳಿಗೆ ಮೆಚ್ಚುವ ತೋಟಾ ಬೆಲೆಪಟ್ಟಿಯ ಕ್ರಮದಲ್ಲೇ ಇರಬೇಕೆಂದಿಲ್ಲ.

ಈ ಪರೀಕ್ಷೆಯಲ್ಲಿ ಹಲವರು ಅಲಕ್ಷಿಸುವ ಒಂದು ಸೂಕ್ಷ್ಮವಿದೆ. ಗುರಿ ಹೊಡೆಯಲು ಬಳಸುವ .22 ಗುಂಡು ಸಾಮಾನ್ಯವಾಗಿ ಬೆತ್ತಲೆ ಸೀಸದ್ದು. ಅದು ನಳಿಗೆಗೆ ಅಂಟದಂತೆ ಹೊರಮೈಗೆ ಮೇಣ ಅಥವಾ ಗ್ರೀಸು ಸವರಿರುತ್ತಾರೆ, ಮತ್ತು ಪ್ರತಿ ಕಂಪನಿಯ ಮೇಣ ಬೇರೆ. ಬ್ರ್ಯಾಂಡ್ ಬದಲಿಸಿದಾಗ ಹಳೆಯ ಮೇಣದ ಪದರ ಹೋಗಿ ಹೊಸದು ನಳಿಗೆಯೊಳಗೆ ನೆಲೆಗೊಳ್ಳಲು ಹತ್ತಿಪ್ಪತ್ತು ಗುಂಡುಗಳೇ ಬೇಕಾಗುವುದರಿಂದ, ಬದಲಿಸಿದ ಕೂಡಲೇ ಹಾರಿಸಿದ ಮೊದಲ ಗ್ರೂಪ್ ನೋಡಿ ತೋಟಾವನ್ನು ತಳ್ಳಿಹಾಕುವುದು ಅನ್ಯಾಯ. ಇನ್ನು ತೋಟಾದ ಅಂಚಿನ ದಪ್ಪವನ್ನು ಗೇಜಿನಿಂದ ಅಳೆದು, ಇಲ್ಲವೇ ತೋಟಾಗಳನ್ನು ತೂಗಿ ವಿಂಗಡಿಸುವ ಪದ್ಧತಿಯೂ ಚಾಲ್ತಿಯಲ್ಲಿದೆ. ಇದರಿಂದ ಅಗ್ಗದ ಪೆಟ್ಟಿಗೆಯೊಳಗಿನ ತೀರ ಹೊರಗುಳಿಯುವ ತೋಟಾಗಳನ್ನು ಹೆಕ್ಕಿ ತೆಗೆಯಬಹುದೇ ಹೊರತು ಸಾಧಾರಣ ತೋಟಾ ಉತ್ತಮ ತೋಟಾ ಆಗದು. ಅದಕ್ಕೆ ತಗಲುವ ಸಂಜೆಗಳನ್ನು ಅಭ್ಯಾಸಕ್ಕೆ ಕೊಡುವುದು ಮೇಲು.

ತೋಟಾ ಗೊತ್ತಾದ ಮೇಲೆ ಬಂದೂಕಿನ ಬಿಗಿತದ ಸರದಿ. ರೂಗರ್ 10/22 ಇದನ್ನು ಹತ್ತಿರದಿಂದ ನೋಡಲು ಒಳ್ಳೆಯ ನಿದರ್ಶನ. ಅದರ ಯಂತ್ರಭಾಗ ಕೂರುವ ರಿಸೀವರ್ ಅಲ್ಯೂಮಿನಿಯಂನದು. ಉಕ್ಕಿನ ನಳಿಗೆಯನ್ನು ಅದರೊಳಗೆ ತಿರುಚಿ ಕೂರಿಸದೆ, ಕೆಳಗಿನಿಂದ ಎರಡು ಸ್ಕ್ರೂಗಳು ಎಳೆದು ಹಿಡಿಯುವ ವಿ ಆಕಾರದ ಒಂದು ತುಂಡಿನಿಂದ ಬಂಧಿಸುತ್ತಾರೆ. ಇಡೀ ರಿಸೀವರ್ ಸ್ಟಾಕಿಗೆ, ಎಂದರೆ ಕೈಯೂ ಭುಜವೂ ಆನುವ ಮರದ ಅಥವಾ ಪ್ಲಾಸ್ಟಿಕ್‌ನ ಮೈಗೆ, ಅಂಟುವುದು ಒಂದೇ ಒಂದು ಸ್ಕ್ರೂನಿಂದ. ಹಲವು ಮಾದರಿಗಳಲ್ಲಿ ನಳಿಗೆಯ ಮುಂದಿನ ತುದಿಯನ್ನು ಸ್ಟಾಕಿಗೆ ಸೇರಿಸಿ ಹಿಡಿಯುವ ಒಂದು ಪಟ್ಟಿಯೂ ಇದೆ. ತಯಾರಿಕೆಗೆ ಇದು ಸುಲಭ, ನಳಿಗೆ ಬದಲಿಸಲು ಇನ್ನೂ ಸುಲಭ, ಆದರೆ ಪ್ರತಿ ಗುಂಡಿನೊಡನೆ ನಳಿಗೆಯೂ ರಿಸೀವರೂ ಒಂದೇ ಜಾಗಕ್ಕೆ ಮರಳಿ ಕೂರುವ ಭರವಸೆ ಇದರಿಂದ ಸಿಗದು. ಮುಂದಿನ ಪಟ್ಟಿ ಬಿಗಿಯಾದಷ್ಟೂ ಸ್ಟಾಕಿನ ಒತ್ತಡ ನಳಿಗೆಗೆ ತಗಲುತ್ತದೆ. ಕೈ ಹಿಡಿತ ಬದಲಾದಂತೆ ಆ ಒತ್ತಡವೂ ಬದಲಾಗಿ ಗುಂಡು ಬೀಳುವ ಜಾಗ ಸರಿಯುತ್ತದೆ.

ಪರಿಹಾರಗಳಲ್ಲಿ ಮೊದಲನೆಯದಕ್ಕೆ ಹೆಚ್ಚು ಖರ್ಚಿಲ್ಲ. ಪ್ರತಿ ಸ್ಕ್ರೂವನ್ನು ಪರೀಕ್ಷಿಸಿ, ಬಿಗಿತವನ್ನು ಅಳೆಯುವ ಸ್ಪ್ಯಾನರ್‌ನಿಂದ ಎಲ್ಲವನ್ನೂ ಪ್ರತಿ ಸಲವೂ ಒಂದೇ ಪ್ರಮಾಣಕ್ಕೆ ಬಿಗಿಯಬೇಕು. ಸಡಿಲವಾದ ಸ್ಕ್ರೂ ಮತ್ತು ಸಡಿಲವಾದ ದುರ್ಬೀನಿನ ಉಂಗುರ, ಇವೆರಡೇ ಸೇರಿ ಬಂದೂಕು ಕೆಟ್ಟಿದೆ ಎಂಬ ದೂರುಗಳ ದೊಡ್ಡ ಪಾಲಿಗೆ ಕಾರಣವಾಗುತ್ತವೆ. ಎರಡನೆಯದು ಬೆಡ್ಡಿಂಗ್: ರಿಸೀವರ್ ಕೂರುವ ಜಾಗದಲ್ಲಿ ಎಪಾಕ್ಸಿ ಹಾಕಿ, ಸ್ಕ್ರೂ ಹಾಯುವ ತೂತಿನಲ್ಲಿ ಲೋಹದ ಕೊಳವೆ ಕೂರಿಸಿ, ಲೋಹಕ್ಕೂ ಸ್ಟಾಕಿಗೂ ನಡುವೆ ಎಳ್ಳಷ್ಟೂ ಅಲುಗಾಟ ಇರದಂತೆ ಮಾಡುವ ಕೆಲಸ. ಮೂರನೆಯದು ನಳಿಗೆ ಸ್ಟಾಕಿಗೆ ಎಲ್ಲಿಯೂ ತಾಗದಂತೆ ಬಿಡುವುದು. ಈ ಮೂರನೆಯದರಲ್ಲಿ ಎಚ್ಚರಿಕೆ ಬೇಕು. ತೆಳು ನಳಿಗೆಯ ಕೆಲವು .22 ರೈಫಲ್‌ಗಳು ಮುಂದಿನ ತುದಿಯಲ್ಲಿ ಸ್ವಲ್ಪ ಆಸರೆಯಿದ್ದಾಗಲೇ ಚೆನ್ನಾಗಿ ಹೊಡೆಯುತ್ತವೆ. ಅದರಿಂದ ಮರವನ್ನು ಕೆರೆಯುವ ಮುನ್ನ ಸ್ಟಾಕಿನ ಮುಂದಿನ ತುದಿಯಲ್ಲಿ ನಳಿಗೆಯ ಕೆಳಗೆ ಒಂದೆರಡು ಪದರ ಕಾಗದವಿಟ್ಟು, ತೆಗೆದು, ಎರಡೂ ಸ್ಥಿತಿಯಲ್ಲಿ ಹಾರಿಸಿ ನೋಡುವುದು ಜಾಣತನ.

ನಳಿಗೆಯ ಮೂತಿಯ ಅಂಚಿಗೆ ಕ್ರೌನ್ ಎನ್ನುತ್ತಾರೆ. ಗುಂಡು ನಳಿಗೆಯನ್ನು ಬಿಡುವ ಕ್ಷಣದಲ್ಲಿ ಅದರ ಹಿಂದಿನ ಅನಿಲ ಎಲ್ಲ ಬದಿಯಿಂದಲೂ ಒಂದೇ ಸಮಯಕ್ಕೆ ಹೊರಬರಬೇಕಾದರೆ ಈ ಅಂಚು ಎಲ್ಲೂ ಮುಕ್ಕಾಗಿರಬಾರದು. ಅಮೆರಿಕದ ಫ್ರಾಂಕ್ಲಿನ್ ಮ್ಯಾನ್ 1909ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಗುಂಡಿನ ಮೂತಿ ಕೆಟ್ಟರೆ ಆಗುವ ಹಾನಿಗಿಂತ ಅದರ ತಳ ಕೆಟ್ಟರೆ ಆಗುವ ಹಾನಿ ಎಷ್ಟೋ ದೊಡ್ಡದೆಂದು ಪ್ರಯೋಗಗಳ ಮೂಲಕ ತೋರಿಸಿದ್ದ. ಕ್ರೌನ್ ತಳಕ್ಕೆ ತಾಗುವ ಕೊನೆಯ ಲೋಹ ಎಂಬುದನ್ನು ನೆನೆದರೆ ಅದರ ಮಹತ್ವ ಗೊತ್ತಾಗುತ್ತದೆ. ಮಾರ್ಲಿನ್ 60, ರೂಗರ್ 10/22ಗಳಂಥ ರೈಫಲ್‌ಗಳಲ್ಲಿ ಹಿಂದಿನಿಂದ ಶುಚಿಗೋಲನ್ನು ತೂರಿಸಲು ಬಾರದು, ಆದ್ದರಿಂದ ಮಾಲೀಕರು ಮೂತಿಯಿಂದ ಉಕ್ಕಿನ ಕೋಲು ತುರುಕಿ ವರ್ಷಗಟ್ಟಲೆ ತಿಕ್ಕಿ ಕ್ರೌನನ್ನು ಒಂದೇ ಬದಿಗೆ ಸವೆಸಿಬಿಡುತ್ತಾರೆ. ಹೊಸ ರೈಫಲ್‌ಗಿಂತ ಹಳೆಯದು ಹೆಚ್ಚು ಚದುರಿಸುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದೇ. ಹಿಂದಿನಿಂದ ಎಳೆಯಬಲ್ಲ ನೈಲಾನ್ ದಾರದ ಶುಚಿಸಾಧನ ಬಳಸಿ, ಅಪರೂಪಕ್ಕೊಮ್ಮೆ, ಮೆಲ್ಲಗೆ ಒರೆಸಿದರೆ ಸಾಕು; .22ರ ಮೆತ್ತನೆ ಸೀಸ ನಳಿಗೆಯನ್ನು ಸವೆಸುವುದು ಬಹಳ ನಿಧಾನ, ಆದರೆ ತಪ್ಪಾಗಿ ತಿಕ್ಕಿದ ಕೋಲು ಅದನ್ನು ಬೇಗ ಕೆಡಿಸುತ್ತದೆ. ತೋಟಾ ಕೂರುವ ಚೇಂಬರ್‌ನ ಮುಂದಿನ ಅಂಚಿನಲ್ಲಿ ಕಟ್ಟಿಕೊಳ್ಳುವ ಇಂಗಾಲದ ಗಟ್ಟಿ ಉಂಗುರವನ್ನು ಮಾತ್ರ ಕಾಲಕಾಲಕ್ಕೆ ತೆಗೆಯಲೇಬೇಕು.

ಟ್ರಿಗರ್‌ನ ವಿಚಾರದಲ್ಲಿ ಅಗ್ಗದ ರೈಫಲ್‌ನ ಬಡತನ ಎದ್ದು ಕಾಣುತ್ತದೆ. ರೂಗರ್ 10/22 ಕಾರ್ಬೈನ್‌ನ ತೂಕ ಸುಮಾರು 2.3 ಕಿಲೋ, ಕಾರ್ಖಾನೆಯಿಂದ ಬಂದ ಅದರ ಟ್ರಿಗರ್ ಬಿಡಿಸಲು ಬೇಕಾಗುವ ಎಳೆತವೂ ಹೆಚ್ಚುಕಡಿಮೆ ಅಷ್ಟೇ, ಕೆಲವೊಮ್ಮೆ ಹೆಚ್ಚು. ಬಂದೂಕಿನ ತೂಕದಷ್ಟೇ ಬಲ ಹಾಕಿ ಎಳೆಯುವ ಬೆರಳು ಬಂದೂಕನ್ನು ಅಲುಗಿಸದಿರಲು ಅಸಾಧಾರಣ ಅಭ್ಯಾಸ ಬೇಕು. ಈ ಶತಮಾನದ ಆರಂಭದಲ್ಲಿ ಸ್ಯಾವೇಜ್ ಕಂಪನಿ ಬಳಕೆದಾರನೇ ಹಗುರಗೊಳಿಸಬಹುದಾದ ಮತ್ತು ನಡುವಿನ ಒಂದು ಅಲಗನ್ನು ಒತ್ತದ ಹೊರತು ಬಿಡದ ಟ್ರಿಗರನ್ನು ತನ್ನ ಅಗ್ಗದ ರೈಫಲ್‌ಗಳಿಗೂ ಅಳವಡಿಸಿ ಈ ಕೊರತೆಯನ್ನು ಬಹಳಷ್ಟು ನೀಗಿಸಿತು. ರೂಗರ್ ಕೂಡ ಸುಮಾರು 1.3 ಕಿಲೋ ಎಳೆತದ ಬದಲಿ ಟ್ರಿಗರ್ ಜೋಡಣೆಯನ್ನು ಮಾರುತ್ತದೆ. ಬಿಡಿಭಾಗಕ್ಕೆ ಹಣ ಹಾಕುವುದೇ ಆದರೆ ಇದಕ್ಕೆ ಮೊದಲು ಹಾಕಬೇಕು. ಆದರೆ ಟ್ರಿಗರ್‌ನ ಒಳಗಿನ ಕೊಕ್ಕೆಗಳನ್ನು ಮನೆಯಲ್ಲಿ ಅರದಿಂದ ಉಜ್ಜುವುದು ಯಾವ ಕಾರಣಕ್ಕೂ ಸಲ್ಲದು: ಕೊಕ್ಕೆಯ ಕೋನ ಕೂದಲೆಳೆಯಷ್ಟು ತಪ್ಪಿದರೂ ಬಂದೂಕು ಕೈಜಾರಿ ಬಿದ್ದಾಗ ತಾನಾಗಿ ಹಾರುವ ಅಪಾಯವಿದೆ, ಮತ್ತು ಆ ಗುಂಡು ಒಂದೂವರೆ ಕಿಲೋಮೀಟರ್ ದೂರದವರೆಗೂ ಹೋಗಬಲ್ಲದು. ಇದು ನುರಿತ ಬಂದೂಕು ಕೆಲಸಗಾರನ ಕೆಲಸ.

ದುರ್ಬೀನಿನಲ್ಲಿ ಪ್ಯಾರಲ್ಯಾಕ್ಸ್ ಎಂಬ ದೋಷ .22ಕ್ಕೆ ವಿಶೇಷವಾಗಿ ಕಾಡುತ್ತದೆ. ಕಣ್ಣು ದುರ್ಬೀನಿನ ನಡುವಿನಿಂದ ಪಕ್ಕಕ್ಕೆ ಸರಿದಾಗ ಗುರಿಗೆರೆ ಗುರಿಯ ಮೇಲೆ ಅಲೆದಾಡುವಂತೆ ಕಾಣುವುದೇ ಈ ದೋಷ. ಅದು ಇಲ್ಲವಾಗುವುದು ದುರ್ಬೀನನ್ನು ಹೊಂದಿಸಿದ ಒಂದೇ ದೂರದಲ್ಲಿ. ದೊಡ್ಡ ರೈಫಲ್‌ಗಳ ದುರ್ಬೀನುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. 40 ಮಿ.ಮೀ. ಮುಂಗಾಜಿನ ಅಂಥ ದುರ್ಬೀನನ್ನು .22ಕ್ಕೆ ಹಾಕಿ 50 ಮೀಟರ್‌ಗೆ ಗುರಿಯಿಟ್ಟಾಗ, ಕಣ್ಣು ಪೂರ್ತಿ ಅಂಚಿಗೆ ಸರಿದರೆ ಸುಮಾರು 9 ಮಿ.ಮೀ. ದೋಷವಾಗಬಲ್ಲದು. 50 ಗಜಕ್ಕೆ ಹೊಂದಿಸಿದ ರಿಮ್‌ಫೈರ್ ದುರ್ಬೀನು ಕೊಂಡರೆ, ಇಲ್ಲವೇ ಕೆನ್ನೆ ಪ್ರತಿ ಸಲವೂ ಒಂದೇ ಜಾಗಕ್ಕೆ ಆನುವಂತೆ ಸ್ಟಾಕನ್ನು ಎತ್ತರಿಸಿದರೆ ಈ ದೋಷ ನೀಗುತ್ತದೆ.

ನಳಿಗೆಯ ತುದಿಗೆ ಹೊಂದಿಸಬಹುದಾದ ತೂಕ ಸೇರಿಸಿ, ಗುಂಡು ಹೊರಡುವ ಕ್ಷಣದಲ್ಲಿ ನಳಿಗೆ ಮೇಲಕ್ಕೆ ಏಳುತ್ತಿರುವಂತೆ ಮಾಡಿ, ತಡವಾಗಿ ಹೊರಡುವ ನಿಧಾನದ ಗುಂಡಿಗೆ ತುಸು ಹೆಚ್ಚಿನ ಏರು ಸಿಗುವಂತೆ ನೋಡಿಕೊಳ್ಳುವ ಟ್ಯೂನರ್ ಎಂಬ ಸಾಧನ, ಬಂದೂಕನ್ನು ಮೇಜಿನ ಮೇಲೆ ಆನಿಸಿ ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧಿಗಳಲ್ಲಿ ಬಳಕೆಯಲ್ಲಿದೆ. ತತ್ತ್ವ ಸರಿಯಾದದ್ದೇ. ಅದರ ಫಲವನ್ನು ಅಗ್ಗದ ರೈಫಲ್‌ನಲ್ಲಿ ಗುರುತಿಸಲು ಬೇಕಾಗುವಷ್ಟು ತೋಟಾಗಳ ಬೆಲೆಯೇ ಆ ರೈಫಲ್‌ನ ಬೆಲೆಗಿಂತ ಹೆಚ್ಚಾಗುವ ಸಂಭವವಿದೆ. ಹೊಸ ದಪ್ಪ ನಳಿಗೆಯ ಮಾತೂ ಹೀಗೆಯೇ: ಬಿಗಿಯಾದ ಚೇಂಬರ್‌ನ ಒಳ್ಳೆಯ ನಳಿಗೆ ಗ್ರೂಪನ್ನು ನಿಜವಾಗಿಯೂ ಕುಗ್ಗಿಸುತ್ತದೆ, ಆದರೆ ಅದಕ್ಕೆ ತಕ್ಕ ಸ್ಟಾಕ್ ಮತ್ತು ಟ್ರಿಗರ್ ಸೇರಿಸುವ ಹೊತ್ತಿಗೆ ಕೊಂಡ ರೈಫಲ್‌ನಲ್ಲಿ ಉಳಿಯುವುದು ರಿಸೀವರ್ ಒಂದೇ, ಅಷ್ಟು ಖರ್ಚಿಗೆ ಮೊದಲೇ ಒಳ್ಳೆಯ ಬೋಲ್ಟ್ ರೈಫಲ್ ಸಿಗುತ್ತಿತ್ತು. ಅಮೆರಿಕದ ಸಿಎಂಪಿ ಸಂಸ್ಥೆ ನಡೆಸುವ ರಿಮ್‌ಫೈರ್ ಸ್ಪೋರ್ಟರ್ ಸ್ಪರ್ಧೆ ರೈಫಲ್‌ನ ತೂಕವನ್ನು 7.5 ಪೌಂಡಿಗೆ ಮಿತಿಗೊಳಿಸಿ, ಟ್ರಿಗರ್ ಎಳೆತ ಕನಿಷ್ಠ 3 ಪೌಂಡ್ ಇರಬೇಕೆಂದು ವಿಧಿಸಿ, ಈ ಖರ್ಚಿನ ಪೈಪೋಟಿಯನ್ನು ನಿಯಮದಿಂದಲೇ ತಡೆದಿದೆ. ಸಾಧಾರಣ ಬಂದೂಕಿನ ಮಾಲೀಕರಿಗೂ ಅಲ್ಲಿ ಗೆಲ್ಲುವ ಅವಕಾಶವಿದೆ.

ಗಾಳಿಯ ಪ್ರಮಾಣವನ್ನೂ ಲೆಕ್ಕದಲ್ಲಿ ಇಡಬೇಕು. ಸೆಕೆಂಡಿಗೆ 4 ಮೀಟರ್ ವೇಗದ ಅಡ್ಡಗಾಳಿ, ಎಂದರೆ ಎಲೆಗಳನ್ನು ಬಿಡದೆ ಅಲುಗಿಸುವಷ್ಟು ಗಾಳಿ, .22 ಗುಂಡನ್ನು 50 ಮೀಟರ್‌ನಲ್ಲಿ 25ರಿಂದ 30 ಮಿ.ಮೀ. ಪಕ್ಕಕ್ಕೆ ತಳ್ಳುತ್ತದೆ. ಬೆಡ್ಡಿಂಗ್‌ನಿಂದಲೋ ನಳಿಗೆಯಿಂದಲೋ ಗಳಿಸಿದ ಮೂರು ನಾಲ್ಕು ಮಿ.ಮೀ. ಲಾಭವನ್ನು ಗಾಳಿ ನೋಡದೆ ಒತ್ತಿದ ಒಂದೇ ಗುಂಡು ನುಂಗಿಬಿಡುತ್ತದೆ. ಬಟ್ಟೆಯ ತುಂಡು ಕಟ್ಟಿದ ಎರಡು ಕಡ್ಡಿಗಳನ್ನು ದಾರಿಯಲ್ಲಿ ನೆಟ್ಟು ಗಾಳಿ ಓದಲು ಕಲಿಯುವುದು ಇವೆಲ್ಲಕ್ಕಿಂತ ಅಗ್ಗ.

ಕರ್ನಾಟಕದಲ್ಲಿ ಈ ಇಡೀ ಕ್ರಮಕ್ಕೆ ಬೇರೆಯೇ ಚೌಕಟ್ಟಿದೆ. ಇಲ್ಲಿ .22 ರೈಫಲ್ ಎಂದರೆ ಹೆಚ್ಚಿನವರಿಗೆ ಎನ್‌ಸಿಸಿ ಶಿಬಿರದ ರೈಫಲ್, ರೈಫಲ್ ಕ್ಲಬ್ಬಿನ ರೈಫಲ್, ಇಲ್ಲವೇ ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದ ನೆನಪು, ತೆಂಗಿನಕಾಯಿ 10.4 ಮಿ.ಮೀ. ವಲಯಕ್ಕಿಂತ ಎಷ್ಟೋ ದೊಡ್ಡ ಗುರಿಯಾದ್ದರಿಂದ ಅಲ್ಲಿ ಬಂದೂಕಿಗಿಂತ ನಿಂತು ಹೊಡೆಯುವ ದೇಹದ ಪರೀಕ್ಷೆಯೇ ಹೆಚ್ಚು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದೂಕಿನ ತಯಾರಿಕೆ, ಮಾರಾಟ, ರಿಪೇರಿಯಂಥ ಕೆಲಸಗಳಿಗೆ ಪ್ರತ್ಯೇಕ ಪರವಾನಗಿ ಬೇಕು, ಹಾಗಾಗಿ ನಳಿಗೆ ಟ್ರಿಗರ್‌ಗಳನ್ನು ಮುಟ್ಟುವ ಯಾವ ಕೆಲಸವಾದರೂ ಪರವಾನಗಿಯಿರುವ ಕೆಲಸಗಾರನ ಬಳಿಗೇ ಹೋಗಬೇಕು. ಒಮ್ಮೆಗೆ ಮತ್ತು ವರ್ಷಕ್ಕೆ ಕೊಳ್ಳಬಹುದಾದ ತೋಟಾಗಳ ಸಂಖ್ಯೆಯನ್ನೂ ಪರವಾನಗಿಯಲ್ಲಿ ನಮೂದಿಸಿರುತ್ತಾರೆ. ಆರೇಳು ಬ್ರ್ಯಾಂಡ್, ಹಲವು ಲಾಟ್ ತಂದು ಪರೀಕ್ಷಿಸುವ ಅಮೆರಿಕನ್ ಪದ್ಧತಿ ಇಲ್ಲಿನ ಸಾಮಾನ್ಯ ಶೂಟರ್‌ಗೆ ಎಟಕುವುದಿಲ್ಲ. ಕ್ಲಬ್ಬಿನ ಹಲವು ಸದಸ್ಯರು ಒಂದೇ ಲಾಟನ್ನು ಕೊಂಡು, ಯಾರ ನಳಿಗೆಗೆ ಅದು ಒಗ್ಗಿತು, ಯಾರದಕ್ಕೆ ಒಗ್ಗಲಿಲ್ಲ ಎಂಬುದನ್ನು ಲಾಟ್ ನಂಬರ್ ಸಮೇತ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಆ ಕೊರತೆ ಸ್ವಲ್ಪ ತುಂಬುತ್ತದೆ.

ಮಳೆಗಾಲದ ತೇವಕ್ಕೆ ಮರದ ಸ್ಟಾಕ್ ಉಬ್ಬಿ ನಳಿಗೆಗೆ ಒತ್ತುವುದರಿಂದ, ಮಲೆನಾಡಿನಂಥ ಕಡೆ ಸ್ಟಾಕಿನ ಒಳಮೈಗೂ ವಾರ್ನಿಷ್ ಹಚ್ಚಿ ಮುಚ್ಚುವುದು ಮತ್ತು ಜೂನ್, ಅಕ್ಟೋಬರ್ ತಿಂಗಳುಗಳಲ್ಲಿ ಸ್ಕ್ರೂಗಳನ್ನು ಪುನಃ ಪರೀಕ್ಷಿಸುವುದು ಅಗತ್ಯ. ತೋಟಾ ಸಿಗದ ದಿನಗಳಲ್ಲಿ ಖಾಲಿ ಬಂದೂಕಿನಿಂದ ಗುರಿಯಿಟ್ಟು ಟ್ರಿಗರ್ ಬಿಡಿಸುವ ಅಭ್ಯಾಸ ಉಳಿದೆಲ್ಲ ಉಪಾಯಗಳಿಗಿಂತ ಹೆಚ್ಚು ಫಲ ಕೊಡುತ್ತದೆ. ಆದರೆ ಹಲವು ರಿಮ್‌ಫೈರ್ ರೈಫಲ್‌ಗಳಲ್ಲಿ ತೋಟಾ ಇಲ್ಲದಾಗ ಫೈರಿಂಗ್ ಪಿನ್ ನೇರವಾಗಿ ಚೇಂಬರ್‌ನ ಅಂಚಿಗೆ ಬಡಿದು ಅದನ್ನು ಮುಕ್ಕಾಗಿಸುತ್ತದೆ, ಆದ್ದರಿಂದ ಕೈಪಿಡಿ ಅನುಮತಿಸಿದ ಮಾದರಿಗಳನ್ನು ಬಿಟ್ಟು ಉಳಿದವುಗಳಲ್ಲಿ ಪ್ಲಾಸ್ಟಿಕ್ ಡಮ್ಮಿ ತೋಟಾ ಇಟ್ಟೇ ಈ ಅಭ್ಯಾಸ ಮಾಡಬೇಕು, ಮತ್ತು ಪ್ರತಿ ಸಲವೂ ನಿಜವಾದ ತೋಟಾಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟ ಮೇಲೆಯೇ ಬಂದೂಕನ್ನು ಕೈಗೆತ್ತಿಕೊಳ್ಳಬೇಕು.